ನುಲಿ ಹರಿದ ಮೇಲೆ

ನಮ್ಮೂರಿಗೆ ಬಾಗಿಲಿಲ್ಲ. ಸುತ್ತಲೂ ಪೊರೆಯಿದೆ, ಅದೇ ಊರಿನ ಎಲ್ಲೆ. ಮುಟ್ಟಿದರೆ ಗಬ್ಬದ ಎಮ್ಮೆಯ ಹೊಟ್ಟೆಯ ಹಾಗೆ ಮೆತ್ತಗೆ, ಬೆಚ್ಚಗೆ ಇರುತ್ತದೆ. ಬೆಳಗಾದರೆ ಹೊರಗಿನ ಬೆಳಕು ಅದರಲ್ಲಿ ಸೋಸಿಕೊಂಡು ಕೆಂಪಗೆ ಒಳಗೆ ಬರುತ್ತದೆ. ಅಂಚಿನ ಓಣಿಯಲ್ಲಿ ಮನೆ ಕಟ್ಟುವವರು ಹಿಂದಿನ ಗೋಡೆ ಕಟ್ಟುವುದಿಲ್ಲ, ಪೊರೆಯನ್ನೇ ಗೋಡೆ ಮಾಡಿಕೊಳ್ಳುತ್ತಾರೆ. ಬಾಣಂತಿಯರನ್ನು ಅದಕ್ಕೆ ಬೆನ್ನು ಕೊಟ್ಟು ಕೂರಿಸುತ್ತಾರೆ. ಹೆಣ್ಣು ಕೊಡುವವರು ಹುಡುಗನ ಮನೆಯಲ್ಲಿ ಮೊದಲು ಕೇಳುವುದು, ಮಲಗುವ ಕೋಣೆ ಪೊರೆಗೆ ಎಷ್ಟು ದೂರ ಎಂದು. ಸೂಜಿ, ಮೊಳೆ, ಕುಡುಗೋಲು ಹಿಡಿದುಕೊಂಡು ಆ ಓಣಿಗೆ ಯಾರೂ ಕಾಲಿಡುವುದಿಲ್ಲ. ಹೀಗೆಂದು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ, ಆದರೂ ಕೂಸುಗಳಿಗೂ ಗೊತ್ತು.

ಹೊರಗೆ ಏನಿದೆ ಎಂದು ನೋಡಿದವರು ಇರಲಿಲ್ಲ. ಯಾರೋ ಇದ್ದಾರೆ ಎಂಬುದು ಮಾತ್ರ ಗೊತ್ತಿತ್ತು, ಏಕೆಂದರೆ ಅವರು ಬಡಿಯುತ್ತಿದ್ದರು. ಬಡಿತ ಬಂದರೆ ಮದ್ದು ಕಳಿಸಬೇಕು. ಮದ್ದು ಕುದಿಸುವುದೇ ನಮ್ಮೂರಿನ ಕಸುಬು. ನಡುವೂರಿನ ದೊಡ್ಡ ಒಲೆಗಳ ಮೇಲೆ ಕುದ್ದ ಮದ್ದನ್ನು ತೊಗಲಿನ ಬುದ್ದಲಿಗಳಿಗೆ ತುಂಬಿ, ಕತ್ತು ಬಿಗಿದು, ಇಬ್ಬಿಬ್ಬರು ಹೊತ್ತುಕೊಂಡು ಅಂಚಿಗೆ ತರುತ್ತಾರೆ. ಆ ಬುದ್ದಲಿಯೂ ಪೊರೆಯದೇ ತುಂಡು. ಅದರ ಮುಂಭಾಗದಲ್ಲಿ ಗೇಣುದ್ದದ ನುಲಿಗಳು ಜೋತಾಡುತ್ತಿರುತ್ತವೆ. ಪೊರೆಯ ಒಳಮೈಯಲ್ಲೂ ಅಂಥವೇ ನುಲಿಗಳು ಕೂದಲಿನ ಹಾಗೆ ಬೆಳೆದಿರುತ್ತವೆ. ಅದನ್ನೂ ಇದನ್ನೂ ಜೋಡಿಸಿ ಹೆಣೆಯುತ್ತ ಹೋದರೆ, ಹೆಣೆದಷ್ಟೂ ಬುದ್ದಲಿ ಹತ್ತಿರ ಸರಿದು ಪೊರೆಗೆ ಒತ್ತಿಕೊಳ್ಳುತ್ತದೆ. ಆಮೇಲೆ ಮೇಲಿನ ಕಾಲುವೆಯ ಬೆಣೆ ಎಳೆದು ಸುಣ್ಣದ ತಿಳಿನೀರು ಬಿಡುತ್ತಾರೆ. ಸುಣ್ಣ ತಾಗಿದ್ದೇ ಬುದ್ದಲಿಯ ತೊಗಲೂ ಊರಿನ ಪೊರೆಯೂ ಒಂದಾಗಿ ಅಲ್ಲೊಂದು ಬಾಯಿ ಹೊರಕ್ಕೆ ತೆರೆಯುತ್ತದೆ, ಮದ್ದು ಹೋಗುತ್ತದೆ. ಬುದ್ದಲಿ ಮರಳಿ ಬರುವುದಿಲ್ಲ, ಅಗಲವಾಗಿ ಹರಡಿಕೊಂಡು ಪೊರೆಯಲ್ಲಿ ಪೊರೆಯಾಗಿಬಿಡುತ್ತದೆ. ಹೀಗೆ ಹಿಗ್ಗಿದ್ದನ್ನು ಪಡುವಲ ಓಣಿಯ ಹೆಂಗಸರು ಒಳಕ್ಕೆ ಎಳೆದು, ಮಡಿಸಿ, ಚಿವುಟಿ, ಹೊಸ ಬುದ್ದಲಿ ಮಾಡುತ್ತಾರೆ. ಮದ್ದು ಹೋದ ಸ್ವಲ್ಪ ಹೊತ್ತಿಗೆ ಹೊರಗಿನ ಬಡಿತ ನಿಂತು ಪೊರೆ ಬೆಚ್ಚಗಾಗುತ್ತದೆ. ನಮಗೆ ಸಿಗುವ ಕೂಲಿ ಅದೇ.

ಹೆಣೆಯುವ ಕೆಲಸಕ್ಕೆ ಇಬ್ಬರು ಬೇಕು. ಪೊರೆಯ ಕಡೆ ನಾನು, ಬುದ್ದಲಿಯ ಕಡೆ ನನ್ನ ನಾದಿನಿ ಮಾಳವ್ವ. ನಮ್ಮ ಮನೆಯವರಿಗೆ ಅಕ್ಕ ಆಕೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮ ಜೊತೆಯೇ ಇದ್ದಳು. ನಮ್ಮ ಮನೆಯವರು ಕಾಲುವೆಯ ಬೆಣೆ ನೋಡಿಕೊಳ್ಳುತ್ತಿದ್ದರು. ಹೀಗೆ ಮೂವರೂ ಒಂದೇ ಕಡೆ ದುಡಿದು ಒಂದೇ ಮನೆಗೆ ಹೋಗುತ್ತಿದ್ದೆವು, ಮಾತು ಮಾತ್ರ ಕಡಿಮೆ. ನಾನು ಉಪ್ಪು ಹಾಕಿದ ಸಾರಿಗೆ ಮಾಳವ್ವ ರುಚಿ ನೋಡದೆ ಮತ್ತೆ ಉಪ್ಪು ಹಾಕುತ್ತಿದ್ದಳು. ಆಕೆ ಒಗೆದು ಹಿಂಡಿದ ಬಟ್ಟೆಯನ್ನು ನಾನು ಇನ್ನೊಮ್ಮೆ ಹಿಂಡುತ್ತಿದ್ದೆ. ನಮ್ಮ ಮನೆಯವರು ಉಪ್ಪು ಹೆಚ್ಚಾದ ಆ ಸಾರನ್ನೇ ಉಂಡು ಎದ್ದುಹೋಗುತ್ತಿದ್ದರು. ಆದರೆ ಅಂಚಿಗೆ ಹೋಗಿ ಎದುರುಬದುರು ಕೂತು ನುಲಿ ಕೈಗೆತ್ತಿಕೊಂಡರೆ ನಮ್ಮಿಬ್ಬರ ಬೆರಳುಗಳಿಗೆ ಜಗಳವಿರಲಿಲ್ಲ. ನಾವು ಹೆಣೆದ ಬುದ್ದಲಿ ಒಮ್ಮೆಯೂ ಜಾರಿದ್ದಿಲ್ಲ.

ಅದಕ್ಕೇ, ನಾನು ಹೆಣೆದ ಎಳೆ ಕೈಯಲ್ಲೇ ತುಂಡಾಗಿ ಬಂದ ದಿನ ಮಾಳವ್ವ ನನ್ನ ಮುಖ ನೋಡಿದಳು.

"ಜೋರ ಜಗ್ಗಿದೇನು?"

"ಇಲ್ರಿ ಅಕ್ಕಾರ. ಮುಟ್ಟಿದ್ದಷ್ಟ."

ಇನ್ನೊಂದು ಎಳೆ ಹಿಡಿದೆ. ಅದೂ ಬಂತು. ಮಾಳವ್ವ ತನ್ನ ಕೈಯಲ್ಲಿದ್ದದ್ದನ್ನು ಬಿಟ್ಟು ನನ್ನ ಕಡೆಗೆ ಬಂದು ಪೊರೆಯ ಮೇಲೆ ಅಂಗೈ ಸವರಿದಳು. ಒಣಗಿದ ಹುಲ್ಲು ಉದುರುವ ಹಾಗೆ ನುಲಿಗಳು ಉದುರಿ ನಮ್ಮ ಮಡಿಲಿಗೆ ಬಿದ್ದವು. ಬುಡದಲ್ಲಿ ಬೆರಳಿನ ಗಿಣ್ಣಿನಷ್ಟು ಮೋಟು ಮಾತ್ರ ಉಳಿಯಿತು.

ಅಂಚಿನ ಕೆಲಸಕ್ಕೆಲ್ಲ ಹಿರಿಯ ಜಂಬಣ್ಣ ಮೇಸ್ತ್ರಿ. ಕೂಗಿ ಕರೆದೆವು. ಬಂದು, ಬಗ್ಗಿ, ಉದುರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ. ತುದಿ ಹಿಂಜಿರಲಿಲ್ಲ, ಕೊಯ್ದ ಹಾಗೆ ಸಪಾಟಾಗಿತ್ತು. ಸುತ್ತ ಬೂದಿಯಂಥ ಹುಡಿ ಅಂಟಿಕೊಂಡಿತ್ತು.

"ಇದು ಹರದದ್ದಲ್ಲ," ಎಂದ ಜಂಬಣ್ಣ. "ಏನೋ ತಿಂದೈತಿ. ಪಡುವಲ ಓಣ್ಯಾಗ ಪೊರಿ ಒಳಗ ಎಳಕೋವಾಗ ಹೊರಗಿನ ನೀರಿನ ಜೋಡಿ ಬಂದಿರಬೇಕು. ಮೊನ್ನಿ ಅಲ್ಲೂ ಇಂಥದ್ದ ಹುಡಿ ಬಿದ್ದಿತ್ತಂತ."

"ಮತ್ತ ಬೆಳೀತಾವಲ್ಲ?" ಎಂದು ಕೇಳಿದೆ.

"ಬೆಳೀತಾವ. ಕೂದಲ ಬೆಳದಂಗ ಬೆಳೀತಾವ. ಅಲ್ಲೀತನಕ ಏನ ಮಾಡೂದು ಅಂತ ಯೋಚನಿ."

ಸಂಜೆಯೊಳಗೆ ಊರಿನ ಸುತ್ತಲೂ ಎಲ್ಲ ಅಂಚಿನಿಂದಲೂ ಇದೇ ಸುದ್ದಿ ಬಂತು. ಹುಡಿಯನ್ನು ನೀರು ಹಾಕಿ ತೊಳೆದರು, ಬಟ್ಟೆಯಲ್ಲಿ ಒರೆಸಿದರು. ಹುಡಿ ಹೋಯಿತು, ನುಲಿ ಮಾತ್ರ ಒಂದೂ ಉಳಿಯಲಿಲ್ಲ.

ಮೊದಲ ದಿನಗಳಲ್ಲಿ ಯಾರೂ ಅಷ್ಟು ಗಾಬರಿಯಾಗಲಿಲ್ಲ. ಒಲೆಗಳು ಉರಿಯುತ್ತಲೇ ಇದ್ದವು, ಬುದ್ದಲಿಗಳು ಬರುತ್ತಲೇ ಇದ್ದವು. ತಂದವರು ಎಲ್ಲಿ ಇಡಬೇಕೆಂದು ತಿಳಿಯದೆ ಓಣಿಯಲ್ಲೇ ಸಾಲಾಗಿ ಇಟ್ಟು ಹೋದರು. ಸಾಲಿನ ಮೇಲೆ ಸಾಲು ಬಂತು. ಮನೆಯಿಂದ ಹೊರಗೆ ಬರಬೇಕಾದರೆ ಬುದ್ದಲಿಗಳ ಮೇಲೆ ಹತ್ತಿ ಇಳಿಯಬೇಕಾಯಿತು. ಅವು ಕಾಲಡಿ ಗುಳುಗುಳು ಎನ್ನುತ್ತಿದ್ದವು. ಕೊನೆಗೆ ನಡುವೂರಿನವರು ಒಲೆ ಆರಿಸಿದರು. ನನ್ನ ನೆನಪಿನಲ್ಲಿ ಆ ಒಲೆಗಳು ಆರಿದ್ದು ಅದೇ ಮೊದಲು.

ಹೊರಗಿನ ಬಡಿತ ಮಾತ್ರ ಏರುತ್ತ ಹೋಯಿತು. ಮೊದಲು ಎಂದಿನಂತೆ ಬಿಟ್ಟು ಬಿಟ್ಟು ಬರುತ್ತಿತ್ತು. ಆಮೇಲೆ ಬಿಡುವೇ ಇಲ್ಲದೆ ಬಂತು. ಮನೆಯಲ್ಲಿ ತಂಬಿಗೆ ತಾಟುಗಳು ಅಲುಗುತ್ತಿದ್ದವು. ಮಾತಾಡುವವರು ದನಿ ಏರಿಸಿ ಮಾತಾಡಬೇಕಾಗುತ್ತಿತ್ತು. ಹೆಂಗಸರು ಪೊರೆಗೆ ಬಾಯಿ ಹಚ್ಚಿ, "ತಡೀರಿ, ಸ್ವಲ್ಪ ತಡೀರಿ" ಎನ್ನುತ್ತಿದ್ದರು. ಅದು ಹೊರಗೆ ಕೇಳುತ್ತದೆಯೇ ಎಂದು ಯಾರಿಗೂ ತಿಳಿಯದು. ಒಂದು ಬೆಳಿಗ್ಗೆ ಏಳುವಾಗ ನನಗೆ ಏನೋ ಕಳೆದುಕೊಂಡ ಹಾಗೆನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಡಿತ ಸಣ್ಣಗಾಗಿತ್ತು. ಕಿವಿಗೊಟ್ಟರೆ ಮಾತ್ರ ಕೇಳಿಸುವಷ್ಟು. ಪೊರೆಗೆ ಕೈ ಇಟ್ಟೆ. ಕೊಡದ ಹೊರಮೈಯ ಹಾಗೆ ತಣ್ಣಗಿತ್ತು.

ಆ ದಿನದಿಂದ ಊರು ಸೆಟೆಯತೊಡಗಿತು. ಚಳಿ ಎಂದರೆ ಏನೆಂದು ನಮಗೆ ಗೊತ್ತಿರಲಿಲ್ಲ. ಇದ್ದಬದ್ದ ಕೌದಿಗಳನ್ನೆಲ್ಲ ಹೊದ್ದುಕೊಂಡೆವು. ಬೆರಳು ಮಡಿಸಿದರೆ ಬಿಚ್ಚುತ್ತಿರಲಿಲ್ಲ. ನಮ್ಮ ಪಕ್ಕದ ಮನೆಯ ತಿಪ್ಪಜ್ಜಿಗೆ ದಿನವೂ ಉಂಡ ಮೇಲೆ ಪೊರೆಗೆ ಬೆನ್ನು ಕೊಟ್ಟು ಎಲೆ ಅಡಿಕೆ ಹಾಕಿಕೊಳ್ಳುವ ರೂಢಿ. ಎಲ್ಲರೂ ಬೇಡವೆಂದರೂ ಅಲ್ಲೇ ಕೂತಳು. ಮಧ್ಯಾಹ್ನ ನಾನು ಹೋಗಿ ನೋಡಿದಾಗ ಎಲೆ ಕೈಯಲ್ಲೇ ಇತ್ತು, ಅಜ್ಜಿಯಲ್ಲಿ ಜೀವ ಇರಲಿಲ್ಲ. ಎತ್ತಲು ಹೋದರೆ ಬೆನ್ನು ಪೊರೆಗೆ ಕಚ್ಚಿಕೊಂಡಿತ್ತು. ಬಿಸಿನೀರು ಹಾಕಿ ಬಿಡಿಸಿದೆವು.

ಅಜ್ಜಿಯ ಮಣ್ಣು ಮುಗಿಸಿ ಬಂದವರೇ ಗಂಡಸರು ಅಂಚಿಗೆ ನಡೆದರು. ನುಲಿ ಇಲ್ಲದಿದ್ದರೆ ಏನಾಯಿತು, ಕೈಯಿಂದಲೇ ಒತ್ತಿ ಹಿಡಿಯೋಣ ಎಂದರು. ಬುದ್ದಲಿಗೆ ಹಲಗೆ ಕೊಟ್ಟು ಹಿಂದಿನಿಂದ ಎಲ್ಲರೂ ಸೇರಿ ಒತ್ತಿದರು. ಬುದ್ದಲಿ ಸೋಪು ಜಾರಿದಂತೆ ಜಾರಿ ಪಕ್ಕಕ್ಕೆ ಹೋಯಿತು. ಮತ್ತೆ ತಂದು ಒತ್ತಿದರು. ನಮ್ಮ ಮನೆಯವರು ಸುಣ್ಣ ಬಿಟ್ಟರು, ಅದು ಬುದ್ದಲಿಗೆ ತಾಗದೆ ಒತ್ತುತ್ತಿದ್ದವರ ಕೈಮೇಲೆ ಬಿತ್ತು. ಕಾಲುವೆಯ ಸುಣ್ಣದ ನೀರು ಬರಿಮೈಗೆ ತಾಗಿದರೆ ತೊಗಲು ಸುಲಿಯುತ್ತದೆ. ಇಬ್ಬರು ಸುಲಿದ ಕೈ ಹಿಡಿದುಕೊಂಡು ಕೂತುಬಿಟ್ಟರು. ಇನ್ನೊಂದು ಬುದ್ದಲಿ ಒತ್ತಡ ತಾಳದೆ ಒಡೆದು ಮದ್ದೆಲ್ಲ ಓಣಿಯಲ್ಲಿ ಹರಿಯಿತು. ಕಂದು ಬಣ್ಣದ ಮದ್ದು ಜನರ ಕಾಲಡಿ ಹರಿದು ಹೋಗುವುದನ್ನು ನೋಡುತ್ತ ಎಲ್ಲರೂ ನಿಂತರು.

ಆಗ ಮಾಳವ್ವ ಮುಂದೆ ಬಂದಳು.

"ಹಿಂದಿನಿಂದ ದೂಡಿದ್ರ ಜಾರೇ ಜಾರತೈತಿ," ಎಂದಳು. "ಒಳಗಿನಿಂದ ಜಗ್ಗಬೇಕು. ಬುದ್ದಲಿ ಒಳಗ ಕುಂತು, ತೊಗಲ ಸಮೇತ ಪೊರಿ ಮ್ಯಾಲಿನ ಮೋಟು ಹಿಡದು ಎದಿಗೆ ಎಳಕೋಬೇಕು. ಆವಾಗ ಕಚ್ಚಿ ನಿಲ್ಲತೈತಿ. ತೊಗಲು ತೆಳ್ಳಗ ಐತಿ, ಕೈಗೆ ಸಿಗತೈತಿ."

ಜಂಬಣ್ಣ ಆಕೆಯನ್ನೇ ನೋಡಿದ. "ಒಳಗ ಯಾರು ಕುಂದ್ರಬೇಕು?"

"ನಾ ಕುಂದ್ರತೀನಿ."

"ಬಾಯಿ ತೆರದ ಕೂಡ್ಲೆ ಮದ್ದಿನ ಜೋಡಿ ನೀನೂ ಹೊರಗ ಹೋಗತಿ, ತಂಗಿ. ಅಲ್ಲಿಂದ ಯಾರೂ ಬಂದಿಲ್ಲ."

"ಪೂರ್ತಿ ತೆರದ್ರ ಹೋಗತೀನಿ. ಎಂಜಲ ಬುದ್ದಲಿ ಆದ್ರ ಹೋಗಂಗಿಲ್ಲ."

ಸುಣ್ಣ ಕಡಿಮೆಯಾದರೆ ಒಮ್ಮೊಮ್ಮೆ ಹಾಗಾಗುತ್ತದೆ. ಬಾಯಿ ಸಣ್ಣಗೆ ಬಿರಿದು, ಮದ್ದು ಒಂದಿಷ್ಟು ಹೊರಗೆ ಚೆಲ್ಲಿ, ಮತ್ತೆ ಮುಚ್ಚಿಕೊಳ್ಳುತ್ತದೆ. ಬುದ್ದಲಿ ಪೊರೆಗೆ ಸೇರದೆ ಕಳಚಿಕೊಂಡು ನಮ್ಮ ಕೈಗೇ ವಾಪಸು ಬರುತ್ತದೆ. ಅದನ್ನು ಎಂಜಲು ಬುದ್ದಲಿ ಎನ್ನುತ್ತಾರೆ. ಬೆಣೆ ಹಿಡಿದವನ ಕೈ ಸರಿಯಿಲ್ಲ ಎಂದು ಬೈಯುತ್ತಾರೆ. ನಮ್ಮ ಮನೆಯವರು ಹೊಸದಾಗಿ ಬೆಣೆ ಹಿಡಿದಾಗ ಸಾಕಷ್ಟು ಬೈಸಿಕೊಂಡಿದ್ದರು. ಎಲ್ಲರೂ ಅವರ ಕಡೆ ತಿರುಗಿದರು. ಅವರು ಕಾಲುವೆಯ ಕಟ್ಟೆಯಿಂದ ಇಳಿದು ನೆಟ್ಟಗೆ ಮನೆಗೆ ನಡೆದರು.

ಊಟಕ್ಕೆ ಕೂತಾಗ ರೊಟ್ಟಿ ಮುರಿದವರು ಬಾಯಿಗಿಡಲಿಲ್ಲ.

"ಬ್ಯಾರೆಯವರ ಕೈಗೆ ಕೊಡ್ರಿ ಬೆಣಿ," ಎಂದರು. "ನನ್ನ ಕಡೆಯಿಂದ ಆಗಂಗಿಲ್ಲ."

"ಬ್ಯಾರೆಯವರು ಬಿಟ್ರ ನಾ ಹೋದಂಗ," ಎಂದಳು ಮಾಳವ್ವ. "ಎಷ್ಟು ಬಿಟ್ರ ಎಂಜಲ ಆಗತೈತಿ ಅಂತ ನಿನಗ ಗೊತ್ತಿದ್ದಷ್ಟು ಯಾರಿಗೆ ಗೊತ್ತೈತೋ ತಮ್ಮಾ?"

"ಒಂದ ಹನಿ ಹೆಚ್ಚಾದ್ರ?"

"ಹೆಚ್ಚ ಮಾಡಬ್ಯಾಡ."

"ಅಕ್ಕಾ, ಇದು ಉಪ್ಪಲ್ಲ."

ಮಾಳವ್ವ ನಕ್ಕಳು. ಅಲ್ಲಿಯವರೆಗೆ ಆ ಮನೆಯಲ್ಲಿ ಆಕೆ ನಕ್ಕದ್ದು ನನಗೆ ನೆನಪಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. "ನಾ ಹೋಗತೀನಿ," ಎಂದೆ. "ಪೊರಿ ಕಡೆ ಹೆಣೆಯಾಕಿ ನಾನು. ಮೋಟು ಎಲ್ಲೆಲ್ಲಿ ಅದಾವ ಅಂತ ಕಣ್ಣ ಮುಚ್ಚಿದ್ರೂ ಗೊತ್ತು."

"ಒಳಗ ಹೋದಾಕಿನ್ನ ಹಿಂದಿನಿಂದ ಒಬ್ಬರು ಕಟ್ಟಿ ಹಿಡಕೋಬೇಕು. ನೀ ಹೋದ್ರ ನಿನ್ನ ಹಿಡಿಯೋರು ಯಾರು?" ಮಾಳವ್ವ ನನ್ನ ಕಡೆ ತಿರುಗಿದಳು. "ನಾನು? ನನ್ನ ಮ್ಯಾಲ ನನಗ ನಂಬಿಗಿ ಇಲ್ಲ. ನೀ ಹಂಗಲ್ಲ. ನೀ ಬಿಡಾಕಿ ಅಲ್ಲ. ನಾ ಬಂದಾಗಿಂದ ನೋಡಾಕತ್ತೀನಿ, ಒಲಿ ಮುಂದಿನ ಮಣಿ ಸೈತ ಒಂದ ದಿನ ಬಿಟ್ಟುಕೊಟ್ಟಿಲ್ಲ ನೀ."

ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ. ಹಿಂದೆ ಪೊರೆಯ ಮೇಲೆ ಸಣ್ಣ ಬಡಿತವೊಂದು ಬಂತು. ಎಷ್ಟೋ ಹೊತ್ತಾದ ಮೇಲೆ ಇನ್ನೊಂದು. ಮೂವರೂ ಮೂರನೆಯದಕ್ಕೆ ಕಾದೆವು. ಬರಲಿಲ್ಲ. ನಮ್ಮ ಮನೆಯವರು ತಾಟಿನಲ್ಲೇ ಕೈ ತೊಳೆದು ಎದ್ದರು.

"ನಡೀರಿ," ಎಂದರು.

ಬುದ್ದಲಿಗೆ ಅರ್ಧ ಮಾತ್ರ ಮದ್ದು ಉಳಿಸಿದೆವು, ಉಸಿರಿಗೆ ಜಾಗ ಬೇಕೆಂದು. ನನ್ನ ದಪ್ಪನೆಯ ಸೀರೆಯೊಂದನ್ನು ಹಗ್ಗದಂತೆ ತಿರುಚಿ ಒಂದು ತುದಿಯನ್ನು ಮಾಳವ್ವನ ಸೊಂಟಕ್ಕೆ ಕಟ್ಟಿದೆ, ಇನ್ನೊಂದನ್ನು ನನ್ನ ಸೊಂಟಕ್ಕೆ. ಬುದ್ದಲಿಯ ಕತ್ತನ್ನು ಸೀರೆಯ ಸುತ್ತ ಬಿಗಿದು ಕಟ್ಟಬೇಕು. ಮುಂದಿನ ಬಾಯಿ ತೆರೆದಿರುವಾಗ ಹಿಂದಿನ ಕತ್ತು ಬಿಚ್ಚಿದರೆ ಹೊರಗಿನ ನೀರು ಊರೊಳಕ್ಕೇ ನುಗ್ಗುತ್ತದೆ. ಆದ್ದರಿಂದ ಒಳಗೆ ಹೋದ ಮೇಲೆ ನಾನು ಆಕೆಯನ್ನು ನೋಡುವಂತಿರಲಿಲ್ಲ, ಆಕೆ ನನ್ನನ್ನು ನೋಡುವಂತಿರಲಿಲ್ಲ.

"ಒಮ್ಮೆ ಜಗ್ಗಿದ್ರ ಸುಣ್ಣ," ಎಂದಳು ಮಾಳವ್ವ. "ಎರಡ ಸಲ ಜಗ್ಗಿದ್ರ ಎಳಕೋ."

ಕೂದಲನ್ನು ಬಿಗಿಯಾಗಿ ತುರುಬು ಕಟ್ಟಿಕೊಂಡು ಬುದ್ದಲಿಯೊಳಗೆ ಕಾಲಿಟ್ಟಳು. ಮದ್ದು ಎದೆಯವರೆಗೆ ಬಂತು. ಜಂಬಣ್ಣ ಕತ್ತು ಬಿಗಿದ. ಇಬ್ಬರು ಅದನ್ನು ಎತ್ತಿ ಪೊರೆಗೆ ತಾಗಿಸಿದರು, ನಾನು ಹಿಂದಿನಿಂದ ಭುಜ ಕೊಟ್ಟು ನಿಂತೆ. ತೊಗಲಿನ ಮೂಲಕ ಆಕೆಯ ಹಿಮ್ಮಡಿ ನನ್ನ ಹೊಟ್ಟೆಗೆ ಒತ್ತುತ್ತಿತ್ತು. ಒಳಗೆ ಕೈಗಳು ತಡವರಿಸುವುದು ತಿಳಿಯುತ್ತಿತ್ತು. ಒಂದು ಮೋಟು ಸಿಕ್ಕಿತು, ಜಾರಿತು. ಇನ್ನೊಂದು ಸಿಕ್ಕಿತು. ಬುದ್ದಲಿ ನನ್ನ ಭುಜದಿಂದ ಸರಿದು ಮುಂದಕ್ಕೆ ಎಳೆದುಕೊಂಡಿತು. ಎರಡೂ ತೊಗಲುಗಳ ನಡುವಿನ ನೀರು ಹಿಂಡಿದಂತೆ ಸಣ್ಣಗೆ ಸೋರಿ ಕೆಳಗೆ ಇಳಿಯಿತು.

"ಕಚ್ಚೇತಿ," ಎಂದ ಜಂಬಣ್ಣ, ಪಿಸುದನಿಯಲ್ಲಿ.

ಸೀರೆ ಒಮ್ಮೆ ಜಗ್ಗಿತು.

"ಬಿಡ್ರೀ," ಎಂದೆ.

ನಮ್ಮ ಮನೆಯವರು ಬೆಣೆಯನ್ನು ಎಳೆಯಲಿಲ್ಲ, ಸಡಿಲಿಸಿದರು. ದಾರದಷ್ಟು ಸಣ್ಣ ನೀರು ಇಳಿದು ಎರಡು ತೊಗಲು ಸೇರಿದ ಕಡೆ ಬಿತ್ತು. ಅಲ್ಲಿ ಪೊರೆ ಬೆಳ್ಳಗಾಯಿತು. ಆಮೇಲೆ ಹಾಲು ಕೆನೆಗಟ್ಟುವಾಗ ನಡುಗುವಂತೆ ನಡುಗಿತು. ಬುದ್ದಲಿ ಒಮ್ಮೆಲೇ ಮುಂದಕ್ಕೆ ಸೆಳೆಯಿತು. ಮದ್ದು ಹೋಗುತ್ತಿತ್ತು. ತೊಗಲು ಕುಗ್ಗುತ್ತ ಕುಗ್ಗುತ್ತ ಮಾಳವ್ವನ ಬೆನ್ನು, ಹೆಗಲು, ತಲೆ ಒಂದೊಂದೇ ಎದ್ದು ಕಾಣಿಸಿದವು. ಸೀರೆ ಬಿಗಿದು ನನ್ನ ಸೊಂಟ ಕತ್ತರಿಸುವಂತಾಯಿತು. ಕಾಲಡಿಯ ಕಲ್ಲಿನ ಮೇಲೆ ಮೊದಲು ಚೆಲ್ಲಿದ ಮದ್ದು ಇನ್ನೂ ಅಂಟಂಟಾಗಿತ್ತು. ಹಿಮ್ಮಡಿ ಊರಿದೆ, ಆದರೂ ಜಾರುತ್ತಿದ್ದೆ. ಜಂಬಣ್ಣ ನನ್ನ ಬೆನ್ನಿಗೆ ಬಂದು ಭುಜ ಹಿಡಿದ. "ಬೆಣಿ ಹಾಕು," ಎಂದು ಮೇಲೆ ನೋಡಿ ಕೂಗಿದ. ನಮ್ಮ ಮನೆಯವರು ಆಗಲೇ ಹಾಕಿದ್ದರು.

ಸುಣ್ಣ ನಿಂತ ಮೇಲೆ ಬಾಯಿ ಮುಚ್ಚಬೇಕು. ಬೆಳ್ಳಗಾಗಿದ್ದ ಜಾಗ ಮೆಲ್ಲಗೆ ಕೆಂಪಿಗೆ ತಿರುಗುತ್ತಿತ್ತು. ಈಗ ಸೀರೆ ಎರಡು ಸಲ ಜಗ್ಗಬೇಕಿತ್ತು. ಜಗ್ಗಲಿಲ್ಲ.

"ಅಕ್ಕಾರ," ಎಂದು ಕರೆದೆ.

ನಾನೇ ಎಳೆದೆ. ಏನೋ ತಡೆಯಿತು.

"ಅಕ್ಕಾರ."

"ಕೈ," ಎಂಬ ದನಿ ತೊಗಲಿನೊಳಗಿನಿಂದ ಸಣ್ಣಗೆ ಬಂತು. "ಕೈ ಹೊರಗ ಐತಿ. ಬಾಯಿ ಮುಚ್ಚೇತಿ."

ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ಜಂಬಣ್ಣನ ಕೈ ನನ್ನ ಭುಜದ ಮೇಲೆ ಭಾರವಾಯಿತು.

"ಮತ್ತ ಸುಣ್ಣ ಬಿಟ್ರ ಈ ಸಲ ಪೂರ್ತಿ ಒಂದಾಗತೈತಿ," ಎಂದ ಆತ. "ಬುದ್ದಲಿನೂ ಹೋಗತೈತಿ, ಅಕಿನೂ ಹೋಗತಾಳ. ಬಾಯಿ ಕೈ ಸುತ್ತ ಬಿಗದೈತಿ ಅಂದ್ರ ಕತ್ತು ಬಿಚ್ಚಬಹುದು. ಒಳಗ ಹೋಗಿ ಕೈ ಕಡದು ಅಕಿನ್ನ ಹೊರಗ ತರಬೇಕು. ಬ್ಯಾರೆ ದಾರಿ ನನಗೇನೂ ಕಾಣವಲ್ದು. ಯಾರರೆ ಕೊಯ್ತ ತರ್ರಿ."

ಯಾರೋ ಓಡಿದರು. ಅಂಚಿನ ಓಣಿಗೆ ಕತ್ತಿ ಬರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಿಡಿದು ತಂದವನು ಎಲ್ಲಿ ತಾಗೀತೋ ಎಂದು ಅದನ್ನು ಎದೆಗೆ ಅಪ್ಪಿಕೊಂಡಿದ್ದ. ನಾನು ಸೀರೆ ಸಡಿಲಿಸಲಿಲ್ಲ. ಸಡಿಲಿಸಿದರೆ ಏನಾಗುತ್ತದೆಂದು ಯೋಚಿಸುವ ಧೈರ್ಯವೂ ಇರಲಿಲ್ಲ. ಕಣ್ಣು ಮಾತ್ರ ಮೇಲಕ್ಕೆ ಹೋಯಿತು. ಕಟ್ಟೆಯ ಮೇಲೆ ನಮ್ಮ ಮನೆಯವರು ಇರಲಿಲ್ಲ.

ಅವರು ಇಳಿದು ಬರುತ್ತಿದ್ದರು. ಎರಡೂ ಕೈ ಸೇರಿಸಿದ ಬೊಗಸೆಯಲ್ಲಿ ಕಾಲುವೆಯ ಸುಣ್ಣದ ನೀರು ಇತ್ತು. ಪಾತ್ರೆ ಯಾಕೆ ತರಲಿಲ್ಲ ಎಂದು ಆಮೇಲೆ ಕೇಳಿದೆ. ಪಾತ್ರೆಗೆ ಅಂದಾಜು ತಿಳಿಯುವುದಿಲ್ಲ ಎಂದರು. ಹಲ್ಲು ಕಚ್ಚಿಕೊಂಡಿದ್ದರು, ಕಣ್ಣಿನಿಂದ ನೀರು ಸುರಿಯುತ್ತಿತ್ತು. ಬೆರಳುಗಳ ಸಂದಿಯಿಂದ ಒಂದು ಹನಿಯೂ ನೆಲಕ್ಕೆ ಬೀಳಗೊಡಲಿಲ್ಲ. ಪೊರೆಯ ಹತ್ತಿರ ಮುಖ ಒಯ್ದು, ಅಕ್ಕನ ಕಿವಿಗೆ ಹೇಳುವ ಹಾಗೆ ಹೇಳಿದರು.

"ಅಕ್ಕಾ, ನಾ ಅದೀನಿ. ಹನಿ ಹನಿ ಬಿಡತೀನಿ. ಸಡ್ಲ ಆತು ಅಂದ ಕೂಡ್ಲೆ ಕೈ ತಕ್ಕೋ."

ಒಂದು ಹನಿ ಬಿಟ್ಟರು. ಕಾದರು. ಮತ್ತೊಂದು ಬಿಟ್ಟರು. ಪೊರೆಯಲ್ಲಿ ಕಾಳಿನಷ್ಟು ಜಾಗ ಬೆಳ್ಳಗಾಯಿತು. ಅವರ ಅಂಗೈ ಅಂಚಿನಲ್ಲಿ ತೊಗಲು ಎದ್ದು ಮಡಚಿಕೊಳ್ಳುವುದು ನನಗೆ ಕಾಣುತ್ತಿತ್ತು. ಇನ್ನೊಂದು ಹನಿ.

"ಸಡ್ಲ ಆತೇನು?"

ಒಳಗಿನಿಂದ ಮಾಳವ್ವ ಹೇಳಿದಳು, "ತಡಿ."

"ತಡಿ ಅಂದ್ರ?" ಎಂದ ಜಂಬಣ್ಣ. "ಏನ ತಡೀಬೇಕು? ತಕ್ಕೋವಾ ತಂಗಿ ಕೈಯ."

"ತಡಿ," ಎಂದಳು ಮತ್ತೆ. ಸೀರೆ ಹೊರಗಿನ ಕಡೆಗೆ ಇನ್ನಷ್ಟು ಎಳೆಯಿತು. ಆಕೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಮುಂದಕ್ಕೆ ಚಾಚುತ್ತಿದ್ದಳು. ಬೆಳ್ಳಗಿನ ಜಾಗ ಹಿಗ್ಗುತ್ತಿತ್ತು. ನಮ್ಮ ಮನೆಯವರು ಬೊಗಸೆ ಹಿಂದಕ್ಕೆ ಸರಿಸಿದರು, ಆದರೆ ಎಸೆಯಲಿಲ್ಲ, ಬೇಕಾದೀತೆಂದು ಆ ಬೆಂಕಿಯನ್ನು ಹಿಡಿದುಕೊಂಡೇ ನಿಂತರು. ನನಗೆ ಆ ಕ್ಷಣ ಮಾಳವ್ವನ ಮೇಲೆ ಇನ್ನಿಲ್ಲದ ಸಿಟ್ಟು ಬಂತು. ತಮ್ಮನ ಕೈ ಬೇಯುತ್ತಿದೆ, ನನ್ನ ಸೊಂಟ ಮುರಿಯುತ್ತಿದೆ, ಈಕೆ ತಡಿ ಎನ್ನುತ್ತಿದ್ದಾಳೆ. ಆ ಸಿಟ್ಟಿನಿಂದಲೇ ನಾನು ನಿಂತಿದ್ದೆ ಎನ್ನಬೇಕು. ಹಿಮ್ಮಡಿಯ ಕೆಳಗೆ ಕಲ್ಲಿನ ಅಂಚು ಸಿಕ್ಕಿತು, ಅದಕ್ಕೆ ಊರಿದೆ.

ಸೀರೆ ಜಗ್ಗಿತು. ಮತ್ತೊಮ್ಮೆ ಜಗ್ಗಿತು.

ನಾನು ಹಿಂದಕ್ಕೆ ಬಿದ್ದೆ. ಜಂಬಣ್ಣನೂ ನನ್ನ ಕೆಳಗೆ ಬಿದ್ದ. ಬುದ್ದಲಿ ಪೊರೆಯಿಂದ ಕಳಚಿಕೊಂಡು ನಮ್ಮಿಬ್ಬರ ಮೇಲೆ ಬಂತು, ಬರಿದಾಗಿ, ಒಳಗೆ ಒಬ್ಬ ಹೆಂಗಸಿನ ಭಾರ ಮಾತ್ರ ಉಳಿಸಿಕೊಂಡು. ಪೊರೆಯ ಮೇಲೆ ಬೆಳ್ಳಗಿನ ಕಲೆ ಒಮ್ಮೆ 'ಪುಚ್' ಎಂದು ಮುಚ್ಚಿ ಕೆಂಪಾಯಿತು. ಕತ್ತು ಬಿಚ್ಚಿದಾಗ ಮಾಳವ್ವ ಮದ್ದಿನಲ್ಲಿ ಅದ್ದಿ ತೆಗೆದಂತಿದ್ದಳು. ಕೆಮ್ಮಿದಳು, ಉಗುಳಿದಳು. ಬಲಗೈ ಮೊಣಕೈವರೆಗೂ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಬೆರಳುಗಳು ಏನನ್ನೋ ಹಿಡಿದಂತೆ ಮಡಚಿಕೊಂಡೇ ಇದ್ದವು. ಆಕೆ ಮೊದಲು ನೋಡಿದ್ದು ತಮ್ಮನ ಕೈಗಳನ್ನು.

"ಎಣ್ಣಿ ತರ್ರಿ," ಎಂದಳು. "ನಿಂತು ಏನ ನೋಡತೀರಿ, ಎಣ್ಣಿ ತರ್ರಿ."

ಹೊರಗೆ ಸದ್ದಿರಲಿಲ್ಲ. ಎಲ್ಲರೂ ಪೊರೆಗೆ ಕಿವಿ ಹಚ್ಚಿದೆವು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಒಂದು ಬಡಿತ ಬಂತು, ಗಟ್ಟಿಯಾಗಿ. ಅದರ ಹಿಂದೆಯೇ ಇನ್ನೊಂದು. ಕತ್ತಿ ತಂದವನು ಅದನ್ನು ನೆಲಕ್ಕಿಟ್ಟು ಪೊರೆಯ ಮೇಲೆ ಎರಡೂ ಕೈ ಇಟ್ಟ. "ಬಿಸಿ ಆಗಾಕತ್ತೈತಿ," ಎಂದ. ಯಾರೂ ನಂಬಲಿಲ್ಲ. ಒಬ್ಬೊಬ್ಬರೇ ಹೋಗಿ ಮುಟ್ಟಿ ನೋಡಿದರು.

ಮರುದಿನದಿಂದ ಬೇರೆ ಅಂಚುಗಳಲ್ಲೂ ಜನ ಹೀಗೆಯೇ ಮಾಡತೊಡಗಿದರು. ಅಕ್ಕ ತಂಗಿಯರು, ಗಂಡ ಹೆಂಡಿರು, ಒಂದು ಕಡೆಯಂತೂ ಅತ್ತೆ ಸೊಸೆ ಜೋಡಿಯಾಗಿ ಇಳಿದರು. ಒಳಗೆ ಹೋದವರು ಕೈಯನ್ನು ಎದೆಗೆ ಕಟ್ಟಿಕೊಂಡು, ಮೋಟು ಹಿಡಿಯಲು ಬೇಕಾದಷ್ಟೇ ಬಿಚ್ಚುತ್ತಿದ್ದರು. ಎಲ್ಲರೂ ಮರಳಿ ಬರಲಿಲ್ಲ. ತೆಂಕಲ ಅಂಚಿನಲ್ಲಿ ಬಿಬ್ಬವ್ವ ಎಂಬ ಹೆಣ್ಣುಮಗಳನ್ನು ಆಕೆಯ ಗಂಡ ಹಿಡಿದುಕೊಂಡಿದ್ದ. ಸೀರೆ ಹರಿಯಿತು. ಬುದ್ದಲಿ ಪೊರೆಯಲ್ಲಿ ಹರಡಿಕೊಂಡ ಜಾಗದ ಎದುರಿಗೆ ಆತ ಇವತ್ತಿಗೂ ಬಂದು ಕೂರುತ್ತಾನೆ. ಯಾರೂ ಅವನನ್ನು ಎಬ್ಬಿಸುವುದಿಲ್ಲ. ಪೊರೆ ಬೆಚ್ಚಗಾಗುತ್ತ ಬಂದ ಹಾಗೆ ಮೋಟುಗಳ ತುದಿಯಲ್ಲಿ ಎಳೆ ನುಲಿ ಚಿಗುರಿತು, ಹಸುಗೂಸಿನ ಜಾವಳದಷ್ಟು ಮೆತ್ತಗೆ. ಅದು ಹೆಣೆಯುವಷ್ಟು ಬೆಳೆದ ದಿನ ಜಂಬಣ್ಣ ಎಲ್ಲ ಅಂಚುಗಳಿಗೂ ಹೇಳಿ ಕಳಿಸಿದ, ಇನ್ನು ಯಾರೂ ಬುದ್ದಲಿಯೊಳಗೆ ಇಳಿಯಬಾರದೆಂದು.

ಹೊರಗೆ ಏನಿತ್ತು ಎಂದು ಊರೆಲ್ಲ ಮಾಳವ್ವನನ್ನು ಕೇಳಿತು. ಆಕೆ ಎಲ್ಲರಿಗೂ ಒಂದೇ ಮಾತು ಹೇಳಿದಳು. ಕಣ್ಣಿಗೆ ಮದ್ದು ಹೋಗಿತ್ತು, ಏನೂ ಕಾಣಲಿಲ್ಲ. ನಾನು ಕೇಳಲಿಲ್ಲ. ಕೇಳಿದರೆ ನನಗೂ ಅದನ್ನೇ ಹೇಳುತ್ತಾಳೆ ಎಂದುಕೊಂಡಿದ್ದೆ.

ನಮ್ಮ ಮನೆಯವರ ಕೈಗೆ ಇನ್ನೂ ಬಟ್ಟೆ ಸುತ್ತಿದ್ದೆವು. ಒಂದು ಮಧ್ಯಾಹ್ನ ಮಾಳವ್ವ ಅವರಿಗೆ ತುತ್ತು ಮಾಡಿ ಉಣ್ಣಿಸಿ, ಅವರು ಅಡ್ಡಾದ ಮೇಲೆ ನನ್ನ ಜೊತೆ ಊಟಕ್ಕೆ ಕೂತಳು. ಬಲಗೈ ಬೆರಳು ಇನ್ನೂ ಪೂರ್ತಿ ಬಿಚ್ಚುತ್ತಿರಲಿಲ್ಲ, ಎಡಗೈಯಲ್ಲೇ ರೊಟ್ಟಿ ಮುರಿದಳು. ಮುರಿದದ್ದನ್ನು ತಾಟಿನಲ್ಲೇ ಬಿಟ್ಟು, ಯಾರೋ ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೆ ಮಾತು ಶುರು ಮಾಡಿದಳು.

"ಅಲ್ಲೂ ಒಂದ ಪೊರಿ ಐತಿ," ಎಂದಳು. "ನಮ್ಮ ಪೊರಿಗೂ ಅದಕ್ಕೂ ನಡಕ ಭಾಳ ದೂರ ಇಲ್ಲ, ಕೈ ಚಾಚಿದ್ರ ಸಿಗಬೇಕು ಅಷ್ಟ. ಅದರಾಗೂ ಒಂದ ಬಾಯಿ ತೆರದಿತ್ತು. ಒಬ್ಬಾಕಿ ಅರ್ಧ ಮೈ ಹೊರಗ ಹಾಕಿ ಮದ್ದಿಗೆ ಬೊಗಸಿ ಒಡ್ಡಿದ್ಲು. ನನಕಿಂತ ಸಣ್ಣಾಕಿ. ಸೊರಗಿ ಎಲುಬ ಆಗಿದ್ಲು. ಮದ್ದ ಬಂದ ರಭಸಕ್ಕ ಜಾರಿದ್ಲು. ನಾ ಕೈ ಹಿಡಕೊಂಡ್ಯಾ, ಅಷ್ಟರಾಗ ನಮ್ಮ ಪೊರಿ ಬಾಯಿ ಮುಚ್ಚಿತು."

ನನ್ನ ಬಾಯಲ್ಲಿದ್ದ ತುತ್ತು ಹಾಗೇ ಉಳಿಯಿತು. "ಅದಕ್ಕ ತಡಿ ಅಂದ್ರಿ?"

"ಹೂಂ. ಅವರ ಕಡೇವ್ರು ಅಕಿನ್ನ ಒಳಗ ಎಳಕೊಳ್ಳೂತನಕ ಹೆಂಗ ಬಿಡ್ಲಿ? ನೀ ಹಿಂದ ಹಿಡದಿ ಅಂತ ಗೊತ್ತಿತ್ತು. ಅಕಿನ್ನ ಹಿಡದಾಕಿಗೆ ಶಕ್ತಿ ಇರಲಿಲ್ಲ."

"ಅಕಿನ್ನೂ ಹಿಡದಿದ್ರೇನು ಯಾರರೆ?"

"ಹಿಡದಿದ್ಲು. ಅಕಿ ಬೆನ್ನ ಹಿಂದ ಒಬ್ಬಾಕಿ. ಸೊಂಟಕ್ಕ ಸೀರಿ ಸುತಗೊಂಡು, ಕಾಲ ಊರಿ, ಹಿಂದಕ್ಕ ಬಾಗಿ ನಿಂತಿದ್ಲು. ಮದ್ದ ತಗೊಳ್ಳಾಕ ಬಂದಾಕಿ ಮಾರಿ ನನಗ ನೆಟ್ಟಗ ಕಾಣಲಿಲ್ಲ. ಹಿಂದ ನಿಂತಾಕಿ ಮಾರಿ ಸ್ವಚ್ಛ ಕಂಡ್ತು."

"ಹೆಂಗಿತ್ತು?"

ಮಾಳವ್ವ ರೊಟ್ಟಿಯ ಚೂರನ್ನು ಸಾರಿನಲ್ಲಿ ಅದ್ದಿ ಮತ್ತೆ ಅಲ್ಲೇ ಬಿಟ್ಟಳು.

"ಅಂಜಿದ್ಲು," ಎಂದಳು. "ಭಾಳ ಸಿಟ್ಟಿನಾಗೂ ಇದ್ಲು. ನನಗ ನಿನ್ನ ಮಾರಿ ಕಾಣತಿರಲಿಲ್ಲ, ಹಾಲವ್ವ. ಅಕಿನ್ನ ನೋಡಿದ ಮ್ಯಾಲ, ನೀನೂ ಹಿಂಗ ನಿಂತಿರತಿ ಅಂತ ಗೊತ್ತಾತು."

ಅಷ್ಟು ದಿನ ಒಂದೇ ಮನೆಯಲ್ಲಿದ್ದರೂ ಆಕೆ ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಾನು ಅವಳ ತಾಟಿಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಆಕೆ ಬೇಡವೆನ್ನಲಿಲ್ಲ. ಅಷ್ಟರಲ್ಲಿ ಹೊರಗೆ ಬಡಿತ ಕೇಳಿಸಿತು, ಎಂದಿನಂತೆ ಬಿಟ್ಟು ಬಿಟ್ಟು. ಇಬ್ಬರೂ ಬೇಗ ಬೇಗ ಉಂಡು, ಕೈ ತೊಳೆದು ಎದ್ದೆವು.